ಪರಂಪರೆ ಸ್ಪರ್ಧೆಗೆ ಫೋಟೋ: ದುರ್ಗದ ಕೋಟೆಯಿಂದ ದಾವಣಗೆರೆಯ ಮಂಡಕ್ಕಿ ಭಟ್ಟಿವರೆಗೆ

ಕ್ಯಾಮೆರಾ ಕ್ಲಬ್ಬು ‘ಪರಂಪರೆ’ ಎಂದು ವಿಷಯ ಕೊಟ್ಟರೆ ಚಿತ್ರದುರ್ಗ, ದಾವಣಗೆರೆ ಕಡೆಯಿಂದ ಏನೇನು ಬರುತ್ತದೆಂದು ನೋಡುವ ಮೊದಲೇ ಹೇಳಬಹುದು. ಓಬವ್ವನ ಕಿಂಡಿಯ ಮುಂದೆ ಒನಕೆ ಎತ್ತಿ ನಿಂತ ಹುಡುಗಿ, ಸಂಜೆಗೆಂಪಿಗೆ ಕಪ್ಪಾಗಿ ನಿಂತ ಉಯ್ಯಾಲೆ ಕಂಬ, ಸಂತೇಬೆನ್ನೂರು ಪುಷ್ಕರಣಿಯ ನೀರಲ್ಲಿ ತಲೆಕೆಳಗಾದ ಮಂಟಪ. ಇವು ಕೆಟ್ಟ ಫೋಟೋಗಳೇನಲ್ಲ. ಆದರೆ ಒಂದೇ ಬಗೆಯವು ಸಾಲಾಗಿ ಪರದೆಯ ಮೇಲೆ ಹಾದು ಹೋಗುವಾಗ ತೀರ್ಪುಗಾರರ ಕಣ್ಣು ನಿಲ್ಲುವುದು ಕೋಟೆ ಚೆನ್ನಾಗಿ ಕಂಡ ಫೋಟೋದ ಮೇಲಲ್ಲ. ಕೋಟೆಯ ಬಗ್ಗೆ ಒಂದು ಸಂಗತಿ ಹೇಳುವ ಫೋಟೋದ ಮೇಲೆ ನಿಲ್ಲುತ್ತದೆ. ಬಾಗಿಲು ಯಾಕೆ ನೇರಕ್ಕಿಲ್ಲ, ಮಳೆನೀರು ಎಲ್ಲಿಂದ ಎಲ್ಲಿಗೆ ಹೋಗುತ್ತಿತ್ತು, ಬಂಡೆಯನ್ನು ಹೇಗೆ ಸೀಳಿದರು: ಇಂಥ ಒಂದು ಸಂಗತಿ. ಮನೆ ಬಿಡುವ ಮೊದಲು ಅದನ್ನು ಒಂದು ವಾಕ್ಯದಲ್ಲಿ ಬರೆದುಕೊಳ್ಳಿ. ಬರೆಯಲಿಕ್ಕೆ ಆಗದಿದ್ದರೆ ಜಾಗ ಇನ್ನೂ ಗೊತ್ತಾಗಿಲ್ಲ ಎಂದರ್ಥ, ಕ್ಯಾಮೆರಾ ಇಲ್ಲದೆ ಒಮ್ಮೆ ಹೋಗಿ ಬನ್ನಿ.

ಮೊದಲು ನಿಯಮದ ಹಾಳೆ

ಒಳ್ಳೆಯ ಫೋಟೋಗಳು ಸೋಲುವುದಕ್ಕಿಂತ ಹೆಚ್ಚಾಗಿ ತಿರಸ್ಕಾರವಾಗುತ್ತವೆ, ಅದೂ ಫೈಲಿನ ಕಾರಣಕ್ಕೆ. ಡಿಜಿಟಲ್ ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ಕೇಳುವ ಅಳತೆ ಅಗಲ 1920, ಎತ್ತರ 1080 ಪಿಕ್ಸೆಲ್ ಮೀರಬಾರದು ಎಂದು. ಇದರ ಒಳಗುಟ್ಟು ಹೊಸಬರಿಗೆ ತಡವಾಗಿ ತಿಳಿಯುತ್ತದೆ. ಕ್ಯಾಮೆರಾದ 3:2 ಅಡ್ಡ ಫೋಟೋ ಈ ಚೌಕಟ್ಟಿನಲ್ಲಿ 1620×1080 ಆಗುತ್ತದೆ. ಅದೇ ಫೋಟೋ ಉದ್ದಕ್ಕಿದ್ದರೆ 720×1080, ಅಂದರೆ ಪರದೆಯ ಮೇಲೆ ಅರ್ಧಕ್ಕಿಂತ ಕಡಿಮೆ ಜಾಗ. ದೀಪಸ್ತಂಭ, ಗೋಪುರ ಎಂದೊಡನೆ ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸುವ ಅಭ್ಯಾಸ ನಮಗೆಲ್ಲ ಇದೆ. ಡಿಜಿಟಲ್ ವಿಭಾಗಕ್ಕಾದರೆ ಅದನ್ನೇ ಸ್ವಲ್ಪ ದೂರದಿಂದ, ಸುತ್ತಲಿನ ಬಂಡೆಯ ಸಮೇತ ಅಡ್ಡಕ್ಕೂ ತೆಗೆದಿಟ್ಟುಕೊಳ್ಳಿ.

ಬಣ್ಣದ ಪ್ರೊಫೈಲ್ ಎಸ್‌ಆರ್‌ಜಿಬಿ ಇರಲಿ. ಅಡೋಬ್ ಆರ್‌ಜಿಬಿಯಲ್ಲಿ ಉಳಿಸಿದ ಫೈಲು ಪ್ರೊಫೈಲ್ ಓದದ ಪ್ರೊಜೆಕ್ಟರಿನಲ್ಲಿ ಸಪ್ಪೆಯಾಗಿ ಕಾಣುತ್ತದೆ, ಕುಂಕುಮ ಇಟ್ಟಿಗೆ ಪುಡಿಯ ಹಾಗಾಗುತ್ತದೆ. ಐಫೋನಿನವರು ಎಚ್‌ಇಐಸಿ ಫೈಲನ್ನು ಜೆಪೆಗ್ ಮಾಡುವಾಗ ಪ್ರೊಫೈಲನ್ನೂ ಬದಲಿಸಿ. ಫೋಟೋದ ಮೇಲೆ ಹೆಸರು, ವಾಟರ್‌ಮಾರ್ಕ್, ದಿನಾಂಕ ಇರಬಾರದು. ವಾಟ್ಸಾಪಿನಲ್ಲಿ ಸಾಮಾನ್ಯ ಫೋಟೋವಾಗಿ ಕಳಿಸಿದರೆ ಅದು ಕುಗ್ಗಿ ಹೋಗುತ್ತದೆ, ಕ್ಲಬ್ಬಿನವರು ವಾಟ್ಸಾಪಿನಲ್ಲೇ ಕೇಳಿದ್ದರೆ ‘ಡಾಕ್ಯುಮೆಂಟ್’ ಆಗಿ ಕಳಿಸಿ.

ಇದಕ್ಕಿಂತ ದೊಡ್ಡ ಪ್ರಶ್ನೆ: ಈ ‘ಪರಂಪರೆ’ ವಿಭಾಗಕ್ಕೆ ಯಾವ ತಿದ್ದುಪಡಿ ನಿಯಮ? ಕೆಲವು ಕ್ಲಬ್ಬುಗಳು ಇದನ್ನು ಮುಕ್ತ ವಿಭಾಗದಂತೆ ನಡೆಸುತ್ತವೆ. ಕೆಲವು ‘ಟ್ರಾವೆಲ್’ ವಿಭಾಗದ ನಿಯಮ ಹಾಕುತ್ತವೆ. ಆ ನಿಯಮದಲ್ಲಿ ಕ್ರಾಪ್ ಬಿಟ್ಟರೆ ಯಾವುದನ್ನೂ ಸೇರಿಸುವಂತಿಲ್ಲ, ಅಳಿಸುವಂತಿಲ್ಲ, ಜಾಗ ಬದಲಿಸುವಂತಿಲ್ಲ. ಫೋಟೋಗಾಗಿಯೇ ಏರ್ಪಡಿಸಿದ ದೃಶ್ಯ, ಬಾಡಿಗೆ ಮಾಡೆಲ್ ಕೂಡ ಸಲ್ಲದು. ಒನಕೆ ಹಿಡಿದ ಹುಡುಗಿಯ ಫೋಟೋ ಇಲ್ಲಿಯೇ ಬೀಳುತ್ತದೆ. ಕರೆಂಟಿನ ತಂತಿ ಅಳಿಸಿದ್ದೂ ಇಲ್ಲಿಯೇ ಬೀಳುತ್ತದೆ. ಹಾಳೆಯಲ್ಲಿ ಸ್ಪಷ್ಟವಿಲ್ಲದಿದ್ದರೆ ಕಾರ್ಯದರ್ಶಿಗೆ ಫೋನ್ ಮಾಡಿ ಕೇಳಿ. ಸಂದೇಹವಿದ್ದಾಗ ಕಟ್ಟುನಿಟ್ಟಿನ ನಿಯಮಕ್ಕೆ ಹೊಂದುವಂತೆ ತೆಗೆದರೆ ಎರಡಕ್ಕೂ ನಡೆಯುತ್ತದೆ.

ಬಿಸಿಲಿನ ಲೆಕ್ಕ

ಚಿತ್ರದುರ್ಗ ಇರುವುದು ಸುಮಾರು 14.2 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ಕೊನೆಯಲ್ಲಿ ಸೂರ್ಯ ಹುಟ್ಟುವುದು ನೇರ ಪೂರ್ವದಿಂದ ಸುಮಾರು 24 ಡಿಗ್ರಿ ದಕ್ಷಿಣಕ್ಕೆ, ಜೂನ್ ಕೊನೆಯಲ್ಲಿ ಅಷ್ಟೇ ಉತ್ತರಕ್ಕೆ. ಇದು ಪಂಚಾಂಗದ ವಿಷಯ ಎಂದು ಬಿಡಬೇಡಿ, ಯಾವ ಗೋಡೆಯನ್ನು ಯಾವ ತಿಂಗಳಲ್ಲಿ ತೆಗೆಯಬೇಕೆಂದು ತೀರ್ಮಾನಿಸುವುದು ಇದೇ.

ಉತ್ತರಕ್ಕೆ ಮುಖ ಮಾಡಿದ ಗೋಡೆ, ಶಿಲ್ಪ, ಶಾಸನಕ್ಕೆ ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ಮೂರನೇ ವಾರದವರೆಗೆ ನೇರ ಬಿಸಿಲು ಬೀಳುವುದೇ ಇಲ್ಲ. ಆಮೇಲೆ ಬೆಳಿಗ್ಗೆ, ಸಂಜೆ ಓರೆ ಬಿಸಿಲು ಬರುತ್ತದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನವೂ ಸೂರ್ಯ ನೆತ್ತಿಗಿಂತ ಉತ್ತರಕ್ಕಿರುತ್ತಾನೆ, ಆಗ ಮೇಲಿಂದ ಕೆಳಕ್ಕೆ ಉಜ್ಜಿಕೊಂಡು ಬರುವ ಬೆಳಕು ಆ ಗೋಡೆಗೆ ಸಿಗುತ್ತದೆ. ನೇರ ಪೂರ್ವಕ್ಕೆ ಬಾಗಿಲಿರುವ ಗುಡಿಗಳಲ್ಲಿ ಹುಟ್ಟುವ ಸೂರ್ಯನ ಬೆಳಕು ನವರಂಗದ (ಗರ್ಭಗುಡಿಯ ಮುಂದಿನ ಕಂಬದ ಮಂಟಪದ) ಒಳಗೆ ಆಳವಾಗಿ ಹೋಗುವುದು ಮಾರ್ಚ್ 20ರ ಮತ್ತು ಸೆಪ್ಟೆಂಬರ್ 22ರ ಆಸುಪಾಸಿನ ದಿನಗಳಲ್ಲಿ. ಮುಂದೆ ಮರ, ಮನೆ, ಬೆಟ್ಟ ಇದ್ದರೆ ಆ ಬೆಳಕು ತಡವಾಗುತ್ತದೆ, ಅಷ್ಟರಲ್ಲಿ ಸೂರ್ಯ ಮೇಲೇರಿ ಕಿರಣ ಹೊಸ್ತಿಲಲ್ಲೇ ನಿಂತುಬಿಡುತ್ತದೆ. ಹಾಗಾಗಿ ಹಿಂದಿನ ದಿನವೇ ಬಾಗಿಲಲ್ಲಿ ನಿಂತು ಫೋನಿನ ದಿಕ್ಸೂಚಿಯಲ್ಲಿ ದಿಕ್ಕು ಅಳೆದು, ಫೋಟೋಪಿಲ್ಸ್ ಅಥವಾ ಸನ್ ಸರ್ವೇಯರ್‌ನಂಥ ಆ್ಯಪಿನಲ್ಲಿ ಮರುದಿನದ ಸೂರ್ಯನ ದಾರಿಯನ್ನು ನೋಡಿಕೊಳ್ಳಿ. ಕಲ್ಲಿನ ಗೋಡೆಗೆ ತೀರಾ ಒತ್ತಿ ನಿಲ್ಲಬೇಡಿ. ಹತ್ತಿರದಲ್ಲಿ ಕಬ್ಬಿಣದ ಗ್ರಿಲ್ ಇದ್ದರೆ ದಿಕ್ಸೂಚಿ ತಪ್ಪು ತೋರಿಸುತ್ತದೆ.

ಋತುವಿನ ಮಾತು ಬೇಗ ಮುಗಿಯುತ್ತದೆ. ಫೆಬ್ರವರಿಯಿಂದ ಮೇವರೆಗೆ ಧೂಳು ಮಂಜಿನಂತೆ ಕವಿದಿರುತ್ತದೆ, ದೂರದ ಬೆಟ್ಟ ಬಿಳಿಚಿಕೊಳ್ಳುತ್ತದೆ. ಬೆಳಿಗ್ಗೆ ಒಂಬತ್ತರ ಮೇಲೆ ಟೆಲಿ ಲೆನ್ಸಿನಲ್ಲಿ (ದೂರದ್ದನ್ನು ಹತ್ತಿರ ತೋರಿಸುವ ಲೆನ್ಸ್) ತೆಗೆದ ದೂರದ ಬತೇರಿ, ಅಂದರೆ ಕೋಟೆಯ ಕಾವಲು ಬುರುಜು, ಬಿಸಿಗಾಳಿಗೆ ಅಲುಗುತ್ತದೆ. ಅದು ಲೆನ್ಸಿನ ದೋಷವಲ್ಲ, ಯಾವ ಶಾರ್ಪನಿಂಗೂ ಅದನ್ನು ಸರಿಮಾಡುವುದಿಲ್ಲ. ಸೆಪ್ಟೆಂಬರಿನಿಂದ ಜನವರಿ ಒಳ್ಳೆಯದು. ಮಳೆ ಬಂದು ನಿಂತ ಅರ್ಧ ಗಂಟೆ ಇನ್ನೂ ಒಳ್ಳೆಯದು: ಬಂಡೆ ಕಪ್ಪಾಗಿ, ಉಳಿ ಗುರುತೆಲ್ಲ ಎದ್ದು ಕಾಣುತ್ತದೆ. ಜಾರುತ್ತದೆ, ಎಚ್ಚರ.

ಕೋಟೆ

ಏಳು ಸುತ್ತಿನ ಕೋಟೆ ಎಂದು ಎಲ್ಲರೂ ಹೇಳುತ್ತಾರೆ, ಫೋಟೋದಲ್ಲಿ ಒಂದು ಸುತ್ತು ಮಾತ್ರ ಇರುತ್ತದೆ. ಸುತ್ತುಗಳು ಒಂದರ ಹಿಂದೊಂದು ಕಾಣಬೇಕಾದರೆ ಅಗಲದ ಲೆನ್ಸ್ ಬಿಟ್ಟು ಮೇಲಿನ ಬತೇರಿಗೆ ಹತ್ತಿ, 135ರಿಂದ 200 ಎಂಎಂ ಹಾಕಿ ಕೆಳಗೆ ನೋಡಬೇಕು. ಟೆಲಿ ಲೆನ್ಸು ದೂರದೂರದ ಗೋಡೆಗಳನ್ನು ಹತ್ತಿರಕ್ಕೆ ಎಳೆದು ಪದರು ಪದರಾಗಿ ಜೋಡಿಸುತ್ತದೆ. ಬಿಸಿಲು ಪಕ್ಕದಿಂದ ಬರುತ್ತಿರಬೇಕು, ಇಲ್ಲದಿದ್ದರೆ ಬೂದು ಬಂಡೆಯ ಮೇಲೆ ಅದೇ ಬಂಡೆಯಿಂದ ಕಟ್ಟಿದ ಗೋಡೆ ಕರಗಿ ಹೋಗುತ್ತದೆ. ತುಪ್ಪದ ಕೊಳದ ಬತೇರಿಗೆ ಹತ್ತುವುದು ಬಂಡೆಯಲ್ಲಿ ಕಡಿದ ಕಿರು ಮೆಟ್ಟಿಲ ಮೇಲೆ, ಎರಡೂ ಕೈ ಖಾಲಿ ಇರಲಿ. ಕುತ್ತಿಗೆಯಲ್ಲಿ ಜೋತಾಡುವ ಕ್ಯಾಮೆರಾ ಬಂಡೆಗೆ ಬಡಿಯುತ್ತದೆ, ಬ್ಯಾಗಿನೊಳಗೆ ಹಾಕಿಯೇ ಹತ್ತಿ.

ಬಾಗಿಲುಗಳು ಕೋಟೆಯ ನಿಜವಾದ ಪಾಠ. ಒಂದು ಬಾಗಿಲಿಂದ ಮುಂದಿನದು ಕಾಣದ ಹಾಗೆ ದಾರಿಯನ್ನು ತಿರುಗಿಸಿದ್ದಾರೆ, ನುಗ್ಗಿ ಬರುವ ಸೈನ್ಯಕ್ಕೆ ವೇಗ ಸಿಗಬಾರದು, ಆನೆಗೆ ಓಡಿ ಬಂದು ಗುದ್ದಲು ಜಾಗ ಸಿಗಬಾರದು ಎಂದು. ಬಾಗಿಲಿನ ಎದುರು ನಿಂತು ಸಮಸಮವಾಗಿ ತೆಗೆದರೆ ಇದು ಕಾಣುವುದಿಲ್ಲ. ತಿರುವಿನ ಹೊರಮೂಲೆಗೆ ಹೋಗಿ, 24 ಎಂಎಂನಲ್ಲಿ, ಎಡಕ್ಕೆ ಹೊರಗೋಡೆ, ಬಲಕ್ಕೆ ಅರ್ಧ ಕಾಣುವ ಬಾಗಿಲು ಬರುವಂತೆ ನಿಲ್ಲಿ. ಆ ದಾರಿಯಲ್ಲಿ ಒಬ್ಬರು ನಡೆದು ತಿರುವಿನಲ್ಲಿ ಮರೆಯಾಗುವವರೆಗೆ ಕಾಯಿರಿ. ವ್ಯಕ್ತಿ ಅರ್ಧ ಮರೆಯಾದ ಕ್ಷಣದಲ್ಲಿ ತಿರುವು ತಾನೇ ಅರ್ಥವಾಗುತ್ತದೆ. ಅಳತೆಯೂ ಗೊತ್ತಾಗುತ್ತದೆ, ಇಷ್ಟು ದೊಡ್ಡ ಕಲ್ಲನ್ನು ಗಾರೆಯಿಲ್ಲದೆ ಕೂರಿಸಿದ್ದಾರೆ ಎನ್ನುವುದು ಪಕ್ಕದಲ್ಲಿ ಮನುಷ್ಯನಿದ್ದಾಗಲೇ ತಟ್ಟುವುದು.

ಓಬವ್ವನ ಕಿಂಡಿಯಲ್ಲಿ ಹೇಳಬೇಕಾದದ್ದು ಒಂದೇ: ಇಕ್ಕಟ್ಟು. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ಮಾತ್ರ ನುಸುಳಬೇಕಿತ್ತು ಎಂಬುದರ ಮೇಲೆಯೇ ಆ ಕಥೆ ನಿಂತಿದೆ. ಖಾಲಿ ಕಿಂಡಿ ಫೋಟೋದಲ್ಲಿ ಎರಡು ಬಂಡೆಯ ನಡುವಿನ ಕತ್ತಲೆ ಅಷ್ಟೇ. ಬಗ್ಗಿ ಹೊರಬರುತ್ತಿರುವ ಪ್ರವಾಸಿಗರೊಬ್ಬರು ಅದರಲ್ಲಿದ್ದರೆ ಸಾಕು, ವೇಷ ಬೇಕಿಲ್ಲ. ಒಳಗಿನ ನೆರಳಿಗೂ ಹೊರಗಿನ ಆಕಾಶಕ್ಕೂ ಬೆಳಕಿನ ವ್ಯತ್ಯಾಸ ಬಹಳ. ಹೊರಗಿನ ಬೆಳಕು ಸುಟ್ಟು ಹೋಗದಂತೆ ಎಕ್ಸ್‌ಪೋಷರನ್ನು 1ರಿಂದ 1.5 ಸ್ಟಾಪ್ ಇಳಿಸಿ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ) ರಾ ಫೈಲಿನಲ್ಲಿ, ಅಂದರೆ ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲಿನಲ್ಲಿ, ತೆಗೆಯಿರಿ, ನೆರಳನ್ನು ಆಮೇಲೆ ಎತ್ತಬಹುದು. ಸುಟ್ಟು ಬಿಳಿಯಾದದ್ದು ಮರಳಿ ಬರುವುದಿಲ್ಲ.

ಯಾರೂ ತೆಗೆಯದ ಎರಡು ವಿಷಯಗಳು. ಒಂದು, ಬಂಡೆ ಸೀಳುವಾಗ ಬೆಣೆ ಹೊಡೆಯಲು ಕೊರೆದ ಚೌಕ ಗುಳಿಗಳ ಸಾಲು. ಓರೆ ಬಿಸಿಲಲ್ಲಿ ಹತ್ತಿರದ ಗುಳಿಸಾಲು ಮುಂದೆ, ಅದೇ ಬಗೆಯ ಕಲ್ಲಿನಿಂದ ಕಟ್ಟಿದ ಗೋಡೆ ಹಿಂದೆ. 24 ಎಂಎಂ, ಎಫ್ 11, ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ ಸುಮಾರು 1.8 ಮೀಟರಿಗೆ ಫೋಕಸ್ ಮಾಡಿದರೆ ಒಂದು ಮೀಟರಿನ ಒಳಗಿನಿಂದ ಹಿಡಿದು ಕೊನೆಯವರೆಗೆ ಸ್ಪಷ್ಟವಾಗಿರುತ್ತದೆ. ಎಫ್ 22ಕ್ಕೆ ಇಳಿಸಿದರೆ ಡಿಫ್ರ್ಯಾಕ್ಷನ್‌ಗೆ (ಲೆನ್ಸಿನ ಕಿರಿದಾದ ರಂಧ್ರದಲ್ಲಿ ಬೆಳಕು ಚದುರುವುದು) ಇಡೀ ಫೋಟೋ ಮೆತ್ತಗಾಗುತ್ತದೆ. ಎರಡನೆಯದು ನೀರಿನ ಹಾದಿ. ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿಯರ ಹೊಂಡ, ಕೆಳಗೆ ಸಂತೆ ಹೊಂಡ: ಮೇಲಿನದು ತುಂಬಿದ ನೀರು ಕೆಳಗಿನದಕ್ಕೆ ಹರಿಯುವಂತೆ ಮಾಡಿದ್ದರು. ಕೋಟೆ ಇಷ್ಟು ಮುತ್ತಿಗೆ ತಡೆದದ್ದು ಗೋಡೆಯಿಂದ ಮಾತ್ರವಲ್ಲ. 3ರಿಂದ 5 ಫೋಟೋಗಳ ಸರಣಿ ಕೇಳುವ ಸ್ಪರ್ಧೆಗೆ ಇದಕ್ಕಿಂತ ಒಳ್ಳೆಯ ವಿಷಯ ದುರ್ಗದಲ್ಲಿ ಸಿಗುವುದು ಕಷ್ಟ. ಮದ್ದು ಬೀಸುವ ಕಲ್ಲುಗಳು, ಅರಮನೆಯ ಜಾಗದಲ್ಲಿ ಉಳಿದ ಮಣ್ಣಿನ ಗೋಡೆಗಳು ಕೂಡ ಹೆಚ್ಚು ಯಾರ ಕಣ್ಣಿಗೂ ಬಿದ್ದಿಲ್ಲ.

ಕೋಟೆ ಕೇಂದ್ರ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಕೈಯಲ್ಲಿ ಹಿಡಿದು ತೆಗೆಯಲು ತೊಂದರೆಯಿಲ್ಲ. ಟ್ರೈಪಾಡ್, ಲೈಟ್ ಸ್ಟ್ಯಾಂಡ್‌ಗೆ ಇಲಾಖೆಯ ಮುಂಗಡ ಅನುಮತಿ ಬೇಕು, ಡ್ರೋನಿಗಂತೂ ಬೇಕೇ ಬೇಕು. ಅನುಮತಿಯಿಲ್ಲದೆ ಹಾರಿಸಿದ ಡ್ರೋನ್ ಫೋಟೋವನ್ನು ಕ್ಲಬ್ಬುಗಳು ತಿರಸ್ಕರಿಸಿದರೆ ಅದು ನ್ಯಾಯವೇ. ಬ್ಯಾಗಿನಲ್ಲಿ ಬಾಳೆಹಣ್ಣು, ಚಿಪ್ಸ್ ಇಟ್ಟುಕೊಳ್ಳಬೇಡಿ, ಕೋತಿಗಳಿಗೆ ಜಿಪ್ ತೆಗೆಯಲು ಬರುತ್ತದೆ. ಬಂಡೆಯ ಕೆಳಗೆ ಹೆಜ್ಜೇನು ಕಟ್ಟಿದ್ದರೆ ಫ್ಲ್ಯಾಶ್ ಬೇಡ, ಹೊಗೆ ಬೇಡ, ಹತ್ತಿರ ಹೋಗುವುದೂ ಬೇಡ.

ಶಾಸನಗಳು

ಕಲ್ಲಿನ ಅಕ್ಷರ ಕಾಣುವುದು ಅಕ್ಷರದಿಂದಲ್ಲ, ಅದರೊಳಗೆ ಬಿದ್ದ ನೆರಳಿನಿಂದ. ಬೆಳಕು ಕಲ್ಲಿನ ಮುಖಕ್ಕೆ ಎದುರಾಗಿ ಬಿದ್ದರೆ ನೆರಳಿಲ್ಲ, ಶಾಸನವೂ ಇಲ್ಲ. ಕಲ್ಲಿನ ಮೇಲ್ಮೈಗೆ 10ರಿಂದ 15 ಡಿಗ್ರಿ ಕೋನದಲ್ಲಿ ಉಜ್ಜಿಕೊಂಡು ಹೋಗುವ ಬೆಳಕು ಬೇಕು. ಬಿಸಿಲು ಆ ಕೋನಕ್ಕೆ ಬರುವ ಹೊತ್ತು ದಿನಕ್ಕೆ ಇಪ್ಪತ್ತು ನಿಮಿಷ ಸಿಕ್ಕರೆ ಹೆಚ್ಚು. ಆ ಹೊತ್ತು ತಪ್ಪಿದರೆ ನಿಮ್ಮ ಜತೆಗಿರುವವರು ಒಂದು ಹಲಗೆ ಅಥವಾ ಛತ್ರಿಯಿಂದ ಬಿಸಿಲಿಗೆ ಅಡ್ಡ ಹಿಡಿಯಲಿ, ಇನ್ನೊಬ್ಬರು ಒಂದೂವರೆ ಎರಡು ಮೀಟರ್ ಪಕ್ಕದಿಂದ ಸಾಧಾರಣ ಎಲ್‌ಇಡಿ ಟಾರ್ಚನ್ನು ಕಲ್ಲಿಗೆ ಸಮಾನಾಂತರವಾಗಿ ಬಿಡಲಿ. ಟಾರ್ಚ್ ಹತ್ತಿರವಿದ್ದರೆ ಆ ಬದಿ ಬೆಳ್ಳಗೆ, ಈ ಬದಿ ಕಪ್ಪಗೆ ಆಗುತ್ತದೆ, ಆದಷ್ಟು ದೂರಕ್ಕೆ ಸರಿಸಿ. ಬೆಳಕು ಎಡ-ಮೇಲಿನಿಂದ ಬಂದರೆ ಕಣ್ಣಿಗೆ ಅಕ್ಷರ ಕೊರೆದಂತೆಯೇ ಕಾಣುತ್ತದೆ. ಕೆಳಗಿನಿಂದ ಬಂದರೆ ಉಬ್ಬಿದಂತೆ ಮೋಸ ಮಾಡುತ್ತದೆ. ಕ್ಯಾಮೆರಾ ಕಲ್ಲಿಗೆ ಸಮಾನಾಂತರವಾಗಿರಲಿ, 50ರಿಂದ 85 ಎಂಎಂ, ಎಫ್ 8.

ಸುಣ್ಣ, ಚಾಕ್‌ಪೀಸ್, ಹಿಟ್ಟು, ಎಣ್ಣೆ ಸವರಿ ಅಕ್ಷರ ಎಬ್ಬಿಸುವ ಹಳೇ ಚಾಳಿಯನ್ನು ದಯವಿಟ್ಟು ಬಿಡಿ. ಎಣ್ಣೆ ಕಲ್ಲಿಗೆ ಇಳಿದರೆ ಧೂಳು ಹಿಡಿದು ಕಪ್ಪಾಗುತ್ತದೆ, ಚಾಕ್ ತಿಕ್ಕಿದಲ್ಲಿ ಅಂಚು ಸವೆಯುತ್ತದೆ. ಮೇಲಾಗಿ, ಓದುವವರು ತಾವು ಊಹಿಸಿದ ಗೆರೆಯನ್ನೇ ಅಕ್ಷರ ಮಾಡಿಬಿಡುತ್ತಾರೆ. ರಕ್ಷಿತ ಸ್ಮಾರಕವನ್ನು ವಿರೂಪಗೊಳಿಸಿದರೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಇದೆ. ಚಾಕ್ ಹಚ್ಚಿದ ಶಾಸನದ ಫೋಟೋವನ್ನು ತಿಳಿದ ತೀರ್ಪುಗಾರರು ಮೊದಲ ಸುತ್ತಿನಲ್ಲೇ ಪಕ್ಕಕ್ಕಿಡುತ್ತಾರೆ.

ಎಲ್ಲಿ ಹೋಗುವುದು? ಚಂದ್ರವಳ್ಳಿಯಲ್ಲಿ ಭೈರವೇಶ್ವರ ಗುಡಿಯ ಬಳಿ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವಿದೆ, ಕೆರೆ ಕಟ್ಟಿಸಿದ ವಿಷಯ ಹೇಳುತ್ತದೆ. ಕೆರೆಯ ಹಿನ್ನೆಲೆ ಇಟ್ಟುಕೊಂಡು ಸರಣಿ ಮಾಡಬಹುದು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದ ಅಶೋಕನ ಶಾಸನವಿದೆ. ಕೊನೆಯಲ್ಲಿ ಬರೆದವನ ಹೆಸರು ಚಪಡ ಎಂದಿದೆ, ‘ಲಿಪಿಕಾರ’ ಎನ್ನುವುದನ್ನು ಮಾತ್ರ ಅವನು ಬ್ರಾಹ್ಮಿ ಬಿಟ್ಟು ಖರೋಷ್ಠಿಯಲ್ಲಿ ಬರೆದಿದ್ದಾನೆ. ವಾಯವ್ಯ ಗಾಂಧಾರದ ಕಡೆಯ ಲಿಪಿ ನಮ್ಮ ಮೊಳಕಾಲ್ಮೂರಿನ ಬಂಡೆಯ ಮೇಲೆ! ಆ ಒಂದು ಪದವನ್ನು ಹತ್ತಿರದಿಂದ ತೆಗೆದು, ಇಡೀ ಬಂಡೆಯ ಜತೆ ಜೋಡಿ ಚಿತ್ರವಾಗಿ ಕೊಡಿ. ಅಲ್ಲಿ ಬಂಡೆಗೆ ಸೂರು ಇರುವುದರಿಂದ ಬಿಸಿಲನ್ನು ನಂಬಿ ಹೋಗಬೇಡಿ, ಕಾವಲಿನವರನ್ನು ಕೇಳಿ ಟಾರ್ಚ್ ಬಳಸಿ.

ಗುಡಿಯೊಳಗೆ, ನೀರಿನ ಬಳಿ

ಹರಿಹರದ ಹರಿಹರೇಶ್ವರ ದೇವಸ್ಥಾನ 1224ರ ಸುಮಾರಿಗೆ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು. ಇಲ್ಲಿನ ಸೊಗಸು ತೆರೆದ ಮಂಟಪದ, ತಿರುಗಣಿಯಲ್ಲಿ ಕಡೆದಂಥ ನುಣುಪು ಕಂಬಗಳು. ಮಂಟಪದ ಅಂಚಿನ ಕಂಬಕ್ಕೂ ಒಳಗಿನ ಕಂಬಕ್ಕೂ ಬೆಳಕು ಒಂದೇ ಸಮ ಇರುವುದಿಲ್ಲ. ಮೂರು ಫ್ರೇಮು, 2 ಸ್ಟಾಪ್ ಅಂತರದಲ್ಲಿ ಬ್ರ್ಯಾಕೆಟ್ ಮಾಡಿ (ಆಮೇಲೆ ಸೇರಿಸಲು ಒಂದೇ ದೃಶ್ಯವನ್ನು ಬೇರೆ ಬೇರೆ ಎಕ್ಸ್‌ಪೋಷರಿನಲ್ಲಿ ತೆಗೆಯುವುದು), ನೆಲದಲ್ಲಿ ಬ್ಯಾಗ್ ಇಟ್ಟು ಅದರ ಮೇಲೆ ಕ್ಯಾಮೆರಾ ಊರಿ, 2 ಸೆಕೆಂಡ್ ಟೈಮರ್ ಹಾಕಿ. ಕೈಯಲ್ಲಿ ಹಿಡಿದರೆ ಐಎಸ್‌ಒ 1600ಕ್ಕೆ ಏರಿಸಲು ಹೆದರಬೇಡಿ. ನುಣ್ಣನೆ ಕಲ್ಲಿನ ಕಂಬದಲ್ಲಿ ಹೊರಗಿನ ಬಿಳಿ ಆಕಾಶ ಹೊಳೆಯುತ್ತದೆ, ಲೆನ್ಸಿನ ಮುಂದೆ ಪೋಲರೈಸರ್ (ಹೊಳಪು ತಗ್ಗಿಸುವ ಫಿಲ್ಟರ್) ಹಾಕಿ ತಿರುಗಿಸಿದರೆ ಕಡಿಮೆಯಾಗುತ್ತದೆ. ಹೊಳಪನ್ನು ಪೂರ್ತಿ ತೆಗೆದರೆ ಕಂಬ ಸಿಮೆಂಟಿನಂತೆ ಸತ್ತು ಹೋಗುತ್ತದೆ, ಅರ್ಧ ಹೊಳಪು ಉಳಿಸಿ. ಫ್ರೇಮುಗಳನ್ನು ಸೇರಿಸಿದಾಗ ಕಂಬದ ಅಂಚಿನಲ್ಲಿ ಬಿಳಿ ಹೊಗೆಯಂಥ ಪ್ರಭೆ ಕಂಡರೆ ಆ ಸೇರಿಸುವಿಕೆ (ಎಚ್‌ಡಿಆರ್) ಹೆಚ್ಚಾಯಿತೆಂದು ಅರ್ಥ. ಗರ್ಭಗುಡಿಯ ಫೋಟೋ ಬೇಡ. ಅರ್ಚಕರು ಒಪ್ಪಿದರೂ ಸ್ಪರ್ಧೆಯ ಪರದೆಗೆ ಅದನ್ನು ತರುವುದು ಸರಿಕಾಣುವುದಿಲ್ಲ.

ಗೋಪುರ, ಕಂಬ ಹಿಂದಕ್ಕೆ ಬೀಳುವಂತೆ ಕಾಣುವುದು ಕ್ಯಾಮೆರಾವನ್ನು ಮೇಲಕ್ಕೆ ಓರೆ ಮಾಡಿದ್ದರಿಂದ. ಕ್ಯಾಮೆರಾ ಮಟ್ಟಸ ಇಟ್ಟು, ಹಿಂದೆ ಸರಿದು, ಕೆಳಗಿನ ಹೆಚ್ಚುವರಿ ನೆಲವನ್ನು ಆಮೇಲೆ ಕತ್ತರಿಸಿ. ಜಾಗವೇ ಇಲ್ಲದಿದ್ದರೆ ಸುತ್ತಲೂ ಆರನೇ ಒಂದು ಭಾಗದಷ್ಟು ಖಾಲಿ ಬಿಟ್ಟು ತೆಗೆದು ಸಾಫ್ಟ್‌ವೇರಿನಲ್ಲಿ ನೆಟ್ಟಗೆ ಮಾಡಿ, ಆ ತಿದ್ದುಪಡಿ ಅಂಚುಗಳನ್ನು ತಿನ್ನುತ್ತದೆ. ಫೋನಿನವರು 0.5 ಲೆನ್ಸ್ ಬಳಸಬೇಡಿ, ಅಂಚಿನ ಕಂಬಗಳು ಊದಿಕೊಳ್ಳುತ್ತವೆ.

ಸಂತೇಬೆನ್ನೂರಿನ ಪುಷ್ಕರಣಿಗೆ ಹೋದರೆ ಗಾಳಿ ಏಳುವ ಮೊದಲು ಅಲ್ಲಿರಬೇಕು. ಪೋಲರೈಸರ್ ಹಾಕಿ ಪೂರ್ತಿ ತಿರುಗಿಸಿದರೆ ಪ್ರತಿಬಿಂಬವೇ ಮಾಯ, ಅದನ್ನು ಬ್ಯಾಗಿನಲ್ಲೇ ಬಿಡಿ. ಪ್ರತಿಬಿಂಬ ಯಾವಾಗಲೂ ನಿಜದ ಮಂಟಪಕ್ಕಿಂತ ಸ್ವಲ್ಪ ಕಪ್ಪಾಗಿಯೇ ಇರುತ್ತದೆ. ಎರಡನ್ನೂ ಒಂದೇ ಹೊಳಪಿಗೆ ತಂದ ಫೋಟೋ ಸುಳ್ಳೆಂದು ಯಾರಿಗೂ ಹೊಳೆಯುತ್ತದೆ. ಮಧ್ಯದ ವಸಂತ ಮಂಟಪವನ್ನು ಎಲ್ಲರೂ ನಟ್ಟನಡುವೆ ಇಟ್ಟು ತೆಗೆಯುತ್ತಾರೆ. ಮೂಲೆಯ ಮೆಟ್ಟಿಲಿನಿಂದ, ಮೆಟ್ಟಿಲ ಸಾಲು ಓರೆಗೆರೆಯಾಗಿ ಮಂಟಪದತ್ತ ಹೋಗುವಂತೆ, ಪಕ್ಕದ ಮುಸಾಫಿರ್‌ಖಾನೆಯೂ (ಪ್ರಯಾಣಿಕರ ತಂಗುದಾಣ) ಚೌಕಟ್ಟಿಗೆ ಬರುವಂತೆ ತೆಗೆದರೆ ಪಾಳೇಗಾರರ ಕಾಲ, ಬಿಜಾಪುರದವರ ಕಾಲ ಎರಡೂ ಒಂದೇ ಫೋಟೋದಲ್ಲಿ ಸಿಗುತ್ತವೆ.

ಇನ್ನೂ ಉಸಿರಾಡುತ್ತಿರುವ ಪರಂಪರೆ

ಕಲ್ಲು ಮಾತ್ರ ಪರಂಪರೆಯಲ್ಲ ಎಂದು ನಿಯಮದಲ್ಲಿ ಬರೆದಿದ್ದರೆ (ಬಹಳ ಕಡೆ ಬರೆದಿರುತ್ತಾರೆ, ಯಾರೂ ಓದುವುದಿಲ್ಲ) ಪೈಪೋಟಿ ಕಡಿಮೆ ಇರುವುದು ಇಲ್ಲಿಯೇ.

ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳಿನಲ್ಲಿ ಅಕ್ಕಿ ಅರಳುವ ಕ್ಷಣ ಬೇಕಾದರೆ ಶಟರ್ 1/500 ಸೆಕೆಂಡಿಗಿಂತ ವೇಗ, ಕೈಯ ಓಟದ ಮಸುಕು ಬೇಕಾದರೆ 1/30ರ ಆಸುಪಾಸು. ಬಾಗಿಲಿನ ಬೆಳಕು ಹಿಂದಿನಿಂದ ಬರುವಂತೆ ನಿಂತರೆ ಹೊಗೆ, ಧೂಳು ಎದ್ದು ಕಾಣುತ್ತದೆ. ಒಳಗೆ ಲೆನ್ಸ್ ಬದಲಿಸಬೇಡಿ, ಆ ಧೂಳು ಸೆನ್ಸರಿಗೆ ಹೋದರೆ ಮುಂದಿನ ಎಲ್ಲ ಫೋಟೋಗಳ ಆಕಾಶದಲ್ಲಿ ಕಪ್ಪು ಚುಕ್ಕೆ. ಕೇಳಿಯೇ ತೆಗೆಯಿರಿ: ‘ಅಣ್ಣಾ, ಕೆಲಸಕ್ಕೆ ಅಡ್ಡಿ ಮಾಡಲ್ಲ, ಸ್ವಲ್ಪ ಹೊತ್ತು ನಿಂತು ಫೋಟೋ ತೆಗೀತೀನಿ.’ ಮೊದಲ ಹತ್ತು ನಿಮಿಷ ಎಲ್ಲರೂ ಕ್ಯಾಮೆರಾ ನೋಡುತ್ತಾರೆ, ಆಮೇಲೆ ಮರೆಯುತ್ತಾರೆ. ಫೋಟೋ ಸಿಗುವುದು ಆಮೇಲೆ.

ಮೊಳಕಾಲ್ಮೂರಿನ ರೇಷ್ಮೆ ಮಗ್ಗದ ಮನೆಗಳಲ್ಲಿ ತೊಂದರೆ ಕೊಡುವುದು ಟ್ಯೂಬ್‌ಲೈಟ್. ನಮ್ಮ ಕರೆಂಟು 50 ಹರ್ಟ್ಜ್, ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. 1/250ರಲ್ಲಿ ತೆಗೆದರೆ ಅಡ್ಡ ಪಟ್ಟಿ ಬೀಳಬಹುದು, 1/50 ಅಥವಾ 1/100ರಲ್ಲಿ ಬೀಳುವುದಿಲ್ಲ. ದೀಪ ಆರಿಸಿ ಕಿಟಕಿ ಬೆಳಕಲ್ಲೇ ತೆಗೆದರೆ ಸೀರೆಯ ಬಣ್ಣ ನಿಜಕ್ಕೆ ಹತ್ತಿರ ಬರುತ್ತದೆ, ಆದರೆ ನೇಯುವವರಿಗೆ ಎಳೆ ಕಾಣಬೇಕಲ್ಲ, ಅವರ ಕೆಲಸ ಮುಖ್ಯ. ಲಾಳಿಯ ಓಟಕ್ಕೆ 1/15. ನೇಕಾರರ ಮುಖವಷ್ಟೇ ತುಂಬಿದ ಫೋಟೋ ಪೋರ್ಟ್ರೇಟ್ ವಿಭಾಗಕ್ಕೆ ಸರಿ, ಇಲ್ಲಿ ಮಗ್ಗ, ಕೈ, ಅರ್ಧ ನೇಯ್ದ ಸೆರಗು ಒಟ್ಟಿಗೆ ಕಾಣಬೇಕು.

ನಾಯಕನಹಟ್ಟಿಯ ತೇರಿಗೆ ಹೋಗುವವರು ರಥದ ಮುಂದೆ, ಹಗ್ಗದ ಒಳಗೆ ನಿಲ್ಲಲೇಬೇಡಿ. ಚಕ್ರಕ್ಕೆ ಬ್ರೇಕ್ ಇಲ್ಲ. ಬೆಳಿಗ್ಗೆಯೇ ಯಾರದಾದರೂ ಮಾಳಿಗೆ ಕೇಳಿಟ್ಟುಕೊಳ್ಳಿ. ಎಲ್ಲರೂ ರಥ ತೆಗೆಯುವಾಗ ಭಕ್ತರು ಒಣಕೊಬ್ಬರಿ ಸುಡುವ ಜಾಗದಲ್ಲಿ ನಿಂತರೆ ಬೇರೆ ಊರಿನಲ್ಲಿ ಸಿಗದ ಫೋಟೋ ಸಿಗುತ್ತದೆ. ಬೆಂಕಿಗೆ ಎಕ್ಸ್‌ಪೋಷರ್ 1 ಸ್ಟಾಪ್ ಇಳಿಸಿ, ವೈಟ್ ಬ್ಯಾಲೆನ್ಸ್ ‘ಡೇಲೈಟ್’ನಲ್ಲೇ ಇಡಿ. ಆಟೋದಲ್ಲಿ ಕ್ಯಾಮೆರಾ ಬೆಂಕಿಯ ಕೆಂಪನ್ನೇ ತೊಳೆದುಬಿಡುತ್ತದೆ.

ಆರಿಸುವುದು, ತಿದ್ದುವುದು, ಹೆಸರಿಡುವುದು

ಫೋಟೋಗಳನ್ನು ಅಂಚೆಚೀಟಿಯಷ್ಟು ಚಿಕ್ಕದಾಗಿ ಮಾಡಿ ನೋಡಿ. ಆ ಗಾತ್ರದಲ್ಲೂ ವಿಷಯ ತಿಳಿದರೆ ಉಳಿಸಿ. ಆಮೇಲೆ ಆ ಜಾಗಕ್ಕೆ ಹೋಗದವರೊಬ್ಬರಿಗೆ ಏನೂ ಹೇಳದೆ ತೋರಿಸಿ, ಏನು ಕಂಡಿತು ಎಂದು ಕೇಳಿ. ನೀವು ಮೊದಲು ಬರೆದುಕೊಂಡ ವಾಕ್ಯಕ್ಕೂ ಅವರ ಉತ್ತರಕ್ಕೂ ಸಂಬಂಧವೇ ಇಲ್ಲದಿದ್ದರೆ ಆ ಫೋಟೋ ಎಷ್ಟೇ ಚಂದವಿದ್ದರೂ ಬೇರೆ ಸ್ಪರ್ಧೆಗೆ ಇಟ್ಟುಕೊಳ್ಳಿ.

ತಿದ್ದುವಾಗ ಗ್ರಾನೈಟಿಗೆ ‘ಕ್ಲಾರಿಟಿ’ ಹೆಚ್ಚು ಹಾಕುವುದು ನಮ್ಮ ಕಡೆಯ ಸಾಮಾನ್ಯ ರೋಗ. 15ರ ಮೇಲೆ ಹೋದರೆ ಬಂಡೆ ಕಬ್ಬಿಣದ ತುಕ್ಕಿನಂತೆ ಕಾಣತೊಡಗುತ್ತದೆ. ನೆರಳಿನ ಬಂಡೆ ನೀಲಿಗೆ ತಿರುಗಿದ್ದರೆ ವೈಟ್ ಬ್ಯಾಲೆನ್ಸನ್ನು 6000ದಿಂದ 6500 ಕೆಲ್ವಿನ್‌ಗೆ ಏರಿಸಿ. ಬೆಟ್ಟದ ಮೇಲಿನ ಗಾಳಿಯಂತ್ರ, ಇಲಾಖೆಯ ನೀಲಿ ಫಲಕ, ಕಸದ ಡಬ್ಬಿ ಇವನ್ನು ಫೋಟೋ ತೆಗೆಯುವಾಗಲೇ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಕಂಬದ ಹಿಂದೆ ಮರೆಸಿ. ಎಐನಿಂದ ಆಕಾಶ ಬದಲಿಸಿದ್ದು ಅಥವಾ ಜನರನ್ನು ಅಳಿಸಿದ್ದು ಬಹುಪಾಲು ಸ್ಪರ್ಧೆಗಳಲ್ಲಿ ನಡೆಯುವುದಿಲ್ಲ. ಕಪ್ಪು-ಬಿಳುಪು ಮಾಡುವುದಾದರೆ ಕಾರಣವಿರಲಿ: ಶಾಸನ, ಉಳಿ ಗುರುತಿಗೆ ಒಪ್ಪುತ್ತದೆ, ಮೊಳಕಾಲ್ಮೂರು ಸೀರೆಗೆ ಒಪ್ಪುವುದಿಲ್ಲ.

‘ಕಲ್ಲಿನ ಕಾವ್ಯ’, ‘ಗತವೈಭವ’, ‘ಕಾಲದ ಕನ್ನಡಿ’: ಇಂಥ ಹೆಸರುಗಳು ಯಾವ ಫೋಟೋಕ್ಕೂ ಅಂಟುತ್ತವೆ, ಹಾಗಾಗಿ ಯಾವುದಕ್ಕೂ ಬೇಡ. ‘ಬೆಣೆ ಗುಳಿಗಳು, ಚಿತ್ರದುರ್ಗ ಕೋಟೆ’ ಎಂದರೆ ತೀರ್ಪುಗಾರರ ಕಣ್ಣು ನೇರ ಗುಳಿಗೆ ಹೋಗುತ್ತದೆ. ವಿವರಣೆ ಕೇಳಿದ್ದರೆ ಜಾಗ, ಕಾಲ, ಏನು ನಡೆಯುತ್ತಿದೆ ಇಷ್ಟನ್ನು ಎರಡು ಸಾಲಿನಲ್ಲಿ ಬರೆಯಿರಿ. ಇಸವಿಯನ್ನು ಇಲಾಖೆಯ ಫಲಕ ಅಥವಾ ಗ್ಯಾಸೆಟಿಯರ್ (ಸರ್ಕಾರದ ಜಿಲ್ಲಾ ಮಾಹಿತಿ ಗ್ರಂಥ) ನೋಡಿ ಹಾಕಿ, ಗೈಡ್ ಹೇಳಿದ್ದನ್ನೇ ಇತಿಹಾಸವೆಂದು ಬರೆಯಬೇಡಿ. ಐತಿಹ್ಯವಾದರೆ ‘ಎಂಬ ನಂಬಿಕೆ’ ಎಂದು ಸೇರಿಸಿ.

ಪ್ರಿಂಟ್ ಕೇಳಿದ್ದರೆ 12×18 ಇಂಚಿಗೆ 24 ಮೆಗಾಪಿಕ್ಸೆಲ್ ಧಾರಾಳ, 12 ಮೆಗಾಪಿಕ್ಸೆಲ್ ಫೋನಿನ ಫೋಟೋವೂ ಇಂಚಿಗೆ 220 ಪಿಕ್ಸೆಲ್ಲಿನಂತೆ ನಡೆಯುತ್ತದೆ. ಫೋನಿನದು 4:3, ಕಾಗದದ್ದು 3:2. ನೀವು ಕತ್ತರಿಸದಿದ್ದರೆ ಲ್ಯಾಬಿನವರು ಕತ್ತರಿಸುತ್ತಾರೆ, ಆಗ ಹೋಗುವುದು ಸಾಮಾನ್ಯವಾಗಿ ಗೋಪುರದ ಕಳಶ. ಮಾನಿಟರಿನ ಹೊಳಪು ಹೆಚ್ಚಿದ್ದರೆ ಪ್ರಿಂಟ್ ಕಪ್ಪಾಗಿ ಬರುತ್ತದೆ, ಮೊದಲು 4×6ರಲ್ಲಿ ಒಂದು ಮಾದರಿ ಹಾಕಿಸಿ ನೋಡಿ. ರಾ ಫೈಲನ್ನು ಫಲಿತಾಂಶ ಬಂದ ಮೇಲೂ ಅಳಿಸಬೇಡಿ. ಬಹುಮಾನದ ಪಟ್ಟಿಗೆ ಬಂದವರಿಂದ ಮೂಲ ಫೈಲು ತರಿಸಿ ನೋಡುವುದು ವಾಡಿಕೆ, ಇಲ್ಲವೆಂದರೆ ಬಹುಮಾನ ಮುಂದಿನವರಿಗೆ ಹೋಗುತ್ತದೆ.